ಐನೂರ ಇಪ್ಪತ್ತಮೂರು

ಮೊದಲನೆಯ ತಟ್ಟೆಗೇ ಐನೂರ ಒಂದು ಎಂದು ಅಂಕಿ ಕೊಟ್ಟ
ಥ್ಯಾಡಿಯಸ್ ಪ್ರೂಯಿಟ್.
ಒಂದು ಅಂದರೆ ಯಾರು ಕೊಳ್ಳುತ್ತಾರೆ,
ಹಿಂದೆ ಐನೂರು ಹಾಡಿ ಮುಗಿದಿವೆ ಅಂದುಕೊಳ್ಳಲಿ ಊರು.

ಕಸುಬು ಹೆಣದ ಪೆಟ್ಟಿಗೆ. ಒಹಾಯೊ ನದಿ ಸೊಂಟ ತಿರುವುವ
ಇವಾನ್ಸ್‌ವಿಲ್ಲಿನಲ್ಲಿ, ಕಪ್ಪು ಜನರ ಕೇರಿಯ ತುದಿಗೆ ಅಂಗಡಿ.
ಕಣ್ಣಳತೆಯಲ್ಲೇ ಉದ್ದ ಹೇಳುತ್ತಿದ್ದ; ಬದುಕಿದ್ದವರು
ಅವನೆದುರು ನೆಟ್ಟಗೆ ನಿಲ್ಲಲು ಹೆದರುತ್ತಿದ್ದರು.
ಸಾವಿಗೆ ಗಿರಾಕಿ ತಪ್ಪುವುದಿಲ್ಲ,
ಹಾಡಿಗೂ ತಪ್ಪಲಿಕ್ಕಿಲ್ಲ ಅಂದುಕೊಂಡ, ಇಪ್ಪತ್ತೇಳರ ಮಾರ್ಚಿಯಲ್ಲಿ.

ಕಂಪನಿಯ ಹೆಸರು ಕಟಾಲ್ಪಾ. ಅಂಗಡಿಯ ಮುಂದಿನ ಮರ ಅದು,
ನೆರಳಿಗಿಂತ ಕಾಯಿ ಹೆಚ್ಚು, ಕಾಯಿಗಿಂತ ಹುಳು ಹೆಚ್ಚು.
ಹಳದಿ ಚೀಟಿ, ಮೇಲೊಂದು ಹಸಿರು ಎಲೆ:
ಮುದ್ರಕ ಸಾಲಕ್ಕೆ ಒಪ್ಪಿದ್ದು ಎರಡೇ ಬಣ್ಣ.

ಕಲ್ಕತ್ತೆಯ ಮೊಹರಿನ ಗೋಣಿಯಲ್ಲಿ ಅರಗು ಬರುತ್ತಿತ್ತು.
ಯಾವುದೋ ಕಾಡಿನ ಕೊಂಬೆಗೆ ಹುಳು ಉಗುಳಿದ್ದು,
ಯಾರೋ ಹೆಂಗಸರು ಕೆರೆದು, ತೊಳೆದು, ಕಾಸಿದ್ದು.
ಅದಕ್ಕೆ ಕಾಡಿಗೆ, ಕಲ್ಲಿನ ಪುಡಿ, ಹತ್ತಿಯ ಜುಂಗು ಕಲಸಿ
ರೊಟ್ಟಿಯಂತೆ ಬಿಸಿಬಿಸಿ ಎತ್ತಿ ಒತ್ತುವವನು ಐಸೋಮ್ ಗ್ರೇವ್ಸ್,
ಎರಡು ಬೆರಳಿಗೆ ಉಗುರಿಲ್ಲ.
ಅರಗಿನ ಮನೆ ಕಟ್ಟುವವರಿಗೆ ಮೊದಲು ಸುರಂಗದ ಯೋಚನೆ ಬರಬೇಕು.
ಇವರಿಗೆ ಬರಲಿಲ್ಲ.

ಐನೂರ ಆರು: ಪಾದ್ರಿ ಯೂಸ್ಟಸ್ ಬೀಮನ್ನರ ಪ್ರವಚನ.
ಮೂರು ನಿಮಿಷ ಅವರಿಗೆ ಗಂಟಲು ಸರಿಮಾಡಿಕೊಳ್ಳುವ ಹೊತ್ತು.
"ಆ ಬಾಗಿಲ ಹಿಂದೆ ಏನಿದೆ ಗೊತ್ತೆ ನಿಮಗೆ, ಆ ಬಾಗಿ"
ಅಲ್ಲಿಗೆ ಮೇಣ ಮುಗಿಯಿತು.
ಎಲ್ಲಕ್ಕಿಂತ ಹೆಚ್ಚು ಮಾರಿದ್ದು ಅದೇ. ಉಳಿದದ್ದು ಕೇಳಲು
ಜನ ಇಗರ್ಜಿಗೆ ನುಗ್ಗಿದರು; ಕಾಣಿಕೆಯ ತಟ್ಟೆ ತುಂಬಿತು,
ಪ್ರೂಯಿಟ್ಟನದಲ್ಲ.

ಲೆಕ್ಕ ಬರೆಯುವವಳು ಲವಿನಿಯಾ ಸ್ಟ್ರೌಡ್.
ಹಾಡಿದವರಿಗೆ ಹದಿನೈದು ಡಾಲರು ರೊಕ್ಕ,
ಬೇಡವೆಂದರೆ, ಹೊತ್ತು ಬಂದಾಗ, ಓಕ್ ಮರದ ಒಂದು ಪೆಟ್ಟಿಗೆ.
ಹೆಚ್ಚಿನವರು ನಕ್ಕು ರೊಕ್ಕ ಎಣಿಸಿಕೊಂಡರು.
ಏಳು ಜನ ನಗಲಿಲ್ಲ.

ಏಳರಲ್ಲಿ ಒಬ್ಬಳು ಝೆಲ್ಫಾ ಓಡಮ್, ಬಟ್ಟೆ ಒಗೆಯುವವಳು.
ಜನವರಿಯ ಸಂಜೆ, ಸೋಡಾದಲ್ಲಿ ಬೆಂದ ಕೈ ಮಡಿಲಲ್ಲಿಟ್ಟು
ಪಿಯಾನೊ ಬೇಡ ಅಂದಳು, ಗಿಟಾರು ಬೇಡ ಅಂದಳು.
ಒಂದೇ ಸಲ ಹಾಡಿದಳು. ಇನ್ನೊಮ್ಮೆ ಎಂದಾಗ
ಇಸ್ತ್ರಿ ಬಾಕಿಯಿದೆ ಎಂದು ಕೋಟು ಹಾಕಿಕೊಂಡಳು.
ಚಳಿಗೆ ಬಿರುಕು ಬಿಟ್ಟೀತೆಂದು ಐಸೋಮ್
ಮೇಣದ ಅಚ್ಚನ್ನು ಒಲೆಯತ್ತ ಸರಿಸಿ ಮಲಗಿದ.
ಬೆಳಗ್ಗೆ ಅದು ಕನ್ನಡಿಯ ಹಾಗೆ ನುಣ್ಣಗಿತ್ತು.
ತನ್ನ ಮುಖ ನೋಡಿಕೊಂಡ ಅದರಲ್ಲಿ, ತುಂಬ ಹೊತ್ತು.

ಪಟ್ಟಿ ಆಗಲೇ ಅಚ್ಚಾಗಿತ್ತು.
ಐನೂರ ಇಪ್ಪತ್ತಮೂರು ಹಾಗೇ ನಿಂತಿತು, ಹೆಸರುಂಟು ಹಾಡಿಲ್ಲ.

ಮೂವತ್ತರ ಹೊತ್ತಿಗೆ ರೇಡಿಯೊ ಪುಕ್ಕಟೆ ಹಾಡಿತು,
ಬ್ಯಾಂಕು ಬಾಗಿಲು ಹಾಕಿತು, ಐನೂರ ನಲವತ್ತೊಂದಕ್ಕೆ ಕಟಾಲ್ಪಾ ಮುಗಿಯಿತು.
ಉಳಿದ ತಟ್ಟೆಗಳನ್ನು ಕುಟ್ಟಿ ಓಣಿಯ ಗುಂಡಿಗಳಿಗೆ ತುಂಬಿದರು.
ಹುಡುಗರು ಚೂರು ಆರಿಸಿ ನದಿಯ ಮೇಲೆ ಕಪ್ಪೆ ಹಾರಿಸಿದರು:
ಬೀಮನ್ ಪಾದ್ರಿ ಐದು ನೆಗೆತ, ಕ್ಷೌರಿಕರ ಮೇಳ ಮೂರೇ.

ಪೆಟ್ಟಿಗೆಗಳ ಸಾಲ ಮಾತ್ರ ಉಳಿಯಿತು.
ಮೋಟಾರು ಮಾರಿ ಓಕ್ ತಂದು ಪ್ರೂಯಿಟ್ ಒಂದೊಂದಾಗಿ ತೀರಿಸಿದ.
ಮೂವತ್ತನಾಲ್ಕರಲ್ಲಿ ಝೆಲ್ಫಾಳ ಮಗ ಬಂದು, ಟೋಪಿ ತಿರುವುತ್ತ,
ಅಮ್ಮನದು ಹೊರಗೆ ಬರಲೇ ಇಲ್ಲವಲ್ಲ, ಕೇಳಲು ನಾಲಿಗೆ ಏಳುವುದಿಲ್ಲ, ಅಂದ.
"ಹಾಡಿದಳಲ್ಲ" ಅಂದ ಪ್ರೂಯಿಟ್, "ಐದಡಿ ಎರಡಂಗುಲ."
ಅಳೆಯಲು ಹೋಗಲಿಲ್ಲ.

ಲವಿನಿಯಾ ಹಳೆಯ ಪುಸ್ತಕ ಹುಡುಕಿ, ಆ ಅಂಕಿಯ ಮುಂದಿನ ಖಾಲಿ ಜಾಗದಲ್ಲಿ
ರವಾನೆಯಾಯಿತು ಎಂದು ಬರೆದಳು.

ಯಾವ ಹಾಡು ಅದು ಎಂದು ಮುದಿವಯಸ್ಸಿನಲ್ಲಿ ಅವಳನ್ನು ಕೇಳಿದವರುಂಟು.
ಬಾಗಿಲಾಚೆ ಕೂತಿದ್ದೆ ನಾನು, ಅನ್ನುತ್ತಿದ್ದಳು,
ಕುರ್ಚಿ ಕಿರ್ರೆಂದದ್ದು ಕೇಳಿಸಿತು, ಕೆಮ್ಮು ಕೇಳಿಸಿತು,
ಹಾಡು ಮುಗಿದು ಎಷ್ಟೋ ಹೊತ್ತಾದರೂ ಐಸೋಮ್
ಸೂಜಿ ಎತ್ತಿದ್ದು ಕೇಳಿಸಲಿಲ್ಲ.